ಪಾಸ್‌ಪೋರ್ಟ್ ಪ್ರದಾನ ಸಮಾರಂಭ

ಆರು ವಿದ್ಯಾರ್ಥಿಗಳ ಪಾಸ್‌ಪೋರ್ಟುಗಳು ವೀಸಾ ಅಂಟಿಸಿಕೊಂಡು ಚಿತ್ರದುರ್ಗ ತಲುಪಿದ್ದು ಸೋಮವಾರ ಬೆಳಿಗ್ಗೆ. ಬೆಂಗಳೂರಿನಿಂದ ವಿಮಾನ ಹೊರಡುವುದು ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ. ನಡುವೆ ಸಾಕಷ್ಟು ಸಮಯವಿತ್ತು. ಬೇರೆ ಯಾವುದೋ ಊರಿನ ಕಾಲೇಜಾಗಿದ್ದರೆ ಮಕ್ಕಳನ್ನು ಕರೆದು, ಸಹಿ ಹಾಕಿಸಿಕೊಂಡು, ಅವರವರದು ಅವರವರ ಕೈಗೆ ಕೊಟ್ಟು ಕಳಿಸಿಬಿಡುತ್ತಿತ್ತು. ದುರ್ಗಸಿರಿ ಕ್ರೀಡಾವಿಜ್ಞಾನ ಮಹಾವಿದ್ಯಾಲಯ ಅಷ್ಟು ಸಣ್ಣ ಮನಸ್ಸಿನ ಸಂಸ್ಥೆಯಲ್ಲ. ಅಲ್ಲಿ ಯಾವುದನ್ನೂ ಸುಮ್ಮನೆ ಕೊಡುವ ಪದ್ಧತಿಯಿಲ್ಲ. ಗುರುತಿನ ಚೀಟಿ ಕೊಡುವುದಕ್ಕೆ ದೀಪ ಬೆಳಗಿದ್ದಾರೆ. ಸ್ಕಿಪ್ಪಿಂಗ್ ಹಗ್ಗ ವಿತರಣೆಗೆ ಇಬ್ಬರು ಮುಖ್ಯ ಅತಿಥಿಗಳು ಬಂದು, ಒಂದೇ ಹಗ್ಗದ ಎರಡು ತುದಿ ಹಿಡಿದು ಫೋಟೊಗೆ ನಿಂತಿದ್ದಾರೆ. ಹಾಗಿರುವಾಗ ಪಾಸ್‌ಪೋರ್ಟಿನಂಥ ಪಾಸ್‌ಪೋರ್ಟನ್ನು ಕಿಟಕಿಯಲ್ಲಿ ಕೈ ತೂರಿಸಿ ಕೊಟ್ಟುಬಿಡುವುದೇ?

ಗುರುವಾರ ಹನ್ನೊಂದು ಗಂಟೆಗೆ ‘ಪಾಸ್‌ಪೋರ್ಟ್ ಪ್ರದಾನ ಸಮಾರಂಭ’ ಎಂದು ಆಹ್ವಾನ ಪತ್ರಿಕೆ ಅಚ್ಚಾಯಿತು. ಪತ್ರಿಕೆಯಲ್ಲಿ ಹದಿನಾಲ್ಕು ಹೆಸರಿದ್ದವು. ಫಿನ್‌ಲ್ಯಾಂಡಿಗೆ ಹೋಗುವ ಮಕ್ಕಳ ಹೆಸರು ಜಾಗ ಸಾಲದೆ ಬಿಟ್ಟುಹೋಗಿತ್ತು.

ಸರ್ವಮಂಗಳ ಆ ಪತ್ರಿಕೆಯನ್ನು ಎರಡು ಸಲ ಓದಿದಳು. ಅವಳು ಸರ್ಕಾರಿ ಬಸ್ಸಿನ ಕಂಡಕ್ಟರ್. ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ, ಹೊಸದುರ್ಗದಿಂದ ಮತ್ತೆ ದುರ್ಗಕ್ಕೆ, ಹತ್ತೊಂಬತ್ತು ವರ್ಷದಿಂದ ನಿಂತುಕೊಂಡೇ ಪ್ರಯಾಣ ಮಾಡಿದವಳು. ಗಂಡ ರಾಜಶೇಖರ ಲಾರಿ ಓಡಿಸುತ್ತಾನೆ. ತಿಂಗಳಿಗೆ ಎರಡು ಸಲ ಮನೆಗೆ ಬಂದು, ಮಗಳು ಎಷ್ಟು ಬೆಳೆದಿದ್ದಾಳೆ ಎಂದು ಆಶ್ಚರ್ಯಪಟ್ಟು, ಉಂಡು ಮಲಗಿ ಹೋಗುತ್ತಾನೆ. ಬೆಳೆಸಿದ ಕೆಲಸ ಇವಳದು.

ಮಗಳು ಸಹನಾ ಖೋಖೋ ಆಡುತ್ತಿದ್ದವಳು. ಎರಡು ವರ್ಷದ ಹಿಂದೆ ಕಂಬದ ಹತ್ತಿರ ತಿರುಗುವಾಗ ಬಲ ಮೊಣಕಾಲು ಕಳಚಿಕೊಂಡು ಅವಳ ಆಟ ಅಲ್ಲಿಗೇ ಮುಗಿಯಿತು. ಇನ್ನು ಆಟ ಬಿಟ್ಟುಬಿಡು ಎಂದರು ಡಾಕ್ಟರು. ಹೋಗಲಿ, ಕಾಲು ಯಾಕೆ ಕಳಚಿತು ಹೇಳಿ ಎಂದಳು ಸಹನಾ. ಡಾಕ್ಟರಿಗೂ ಗೊತ್ತಿರಲಿಲ್ಲ, ಕೋಚಿಗೂ ಗೊತ್ತಿರಲಿಲ್ಲ. ಆ ಒಂದು ಪ್ರಶ್ನೆ ಹಿಡಿದುಕೊಂಡು ಹುಡುಗಿ ಜಿಲ್ಲೆಯ ಖೋಖೋ ಆಟಗಾರ್ತಿಯರ ಕಾಲುಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ಹಿಡಿದು, ಹಾಳೆಗಟ್ಟಲೆ ಬರೆದು, ಯಾರ ಶಿಫಾರಸೂ ಇಲ್ಲದೆ ಫಿನ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಳು. ಅಲ್ಲಿನ ಪ್ರಯೋಗಾಲಯದ ನೆಲಕ್ಕೆ ಒಂದು ಗುಣವಿತ್ತಂತೆ. ಅದರ ಮೇಲೆ ಹೆಜ್ಜೆಯಿಟ್ಟರೆ ಮೊಣಕಾಲಿನ ಮೇಲೆ ಎಷ್ಟು ಭಾರ ಬಿತ್ತೆಂದು ಗೊತ್ತಾಗುತ್ತದಂತೆ. ಹದಿನೆಂಟು ದಿನದ ಅಧ್ಯಯನ ಪ್ರವಾಸ. ಆರು ಜನಕ್ಕೆ ಅವಕಾಶ. ಅವರಲ್ಲಿ ಸಹನಾಳನ್ನು ಆರಿಸಿದ್ದು ಅಲ್ಲಿಯ ಪ್ರಾಧ್ಯಾಪಕರು. ಉಳಿದ ಐವರನ್ನು ಆರಿಸಿದ್ದು ಅವರವರ ತಂದೆಯರ ಪ್ರಭಾವ. ಪ್ರಯೋಗಾಲಯದ ದಿನಾಂಕ ಬದಲಾಗುವುದಿಲ್ಲ, ತಪ್ಪಿಸಿಕೊಂಡವರಿಗೆ ಎರಡನೆಯ ತಂಡವಿಲ್ಲ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ದೇಶದವರಿಗೆ ನಮ್ಮ ಊರಿನ ಪರಿಚಯವಿರಲಿಲ್ಲ.

ಮಂಗಳವಾರ ಬೆಳಗಿನ ಟ್ರಿಪ್ ಮುಗಿಸಿ, ಖಾಕಿ ಅಂಗಿಯಲ್ಲೇ ಸರ್ವಮಂಗಳ ಜೋಗಿಮಟ್ಟಿ ರಸ್ತೆಯ ಕಾಲೇಜಿಗೆ ಹೋದಳು. ಕಚೇರಿಯ ಮೇಲ್ವಿಚಾರಕ ಗುರುರಾಜ್ ಕುರ್ಚಿಯಲ್ಲಿದ್ದರು. ಕಚೇರಿ ಕೆಲಸ ಅವರಿಗೆ ಹೊಟ್ಟೆಪಾಡು. ನಿಜವಾದ ವೃತ್ತಿ ಕಾರ್ಯಕ್ರಮ ನಿರೂಪಣೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕು ತಾಲೂಕಿನಲ್ಲೂ ಅವರ ಗಂಟಲಿಲ್ಲದೆ ಮೈಕು ಚಾಲೂ ಆಗುತ್ತಿರಲಿಲ್ಲ. ನೀರು ಕುಡಿಯಬೇಕಾದರೂ ‘ಈಗ ಜಲಪಾನ’ ಎನ್ನುವಂಥ ದನಿ.

“ಸಾರ್, ಮಗಳ ಪಾಸ್‌ಪೋರ್ಟ್ ಬಂದೈತಂತೆ. ಕೊಟ್ಬಿಡ್ರಿ, ಸಹಿ ಹಾಕಿ ತಗಂಡು ಹೋಗ್ತೀನಿ.”

“ಬಂದೈತೆ ಮೇಡಂ, ಭದ್ರವಾಗೈತೆ.” ಗುರುರಾಜ್ ಬೆನ್ನ ಹಿಂದಿದ್ದ ಕಬ್ಬಿಣದ ಬೀರುವನ್ನು ತಟ್ಟಿ ತೋರಿಸಿದರು. “ಗುರುವಾರ ಹನ್ನೊಂದಕ್ಕೆ ಸರಿಯಾಗಿ ಪ್ರದಾನ.”

“ಪ್ರದಾನ ಮಾಡಾಕೆ ಅದೇನು ಪದಕನಾ ಸಾರ್? ಅವಳದೇ ಅದು. ಅವಳ ಫೋಟೊನೇ ಐತೆ ಅದರಾಗೆ.”

“ಅವರ ಫೋಟೊ ಐತೆ ಮೇಡಂ. ಕೊಡೋರ ಫೋಟೊ ಆಗಬೇಕಲ್ಲ.” ಗುರುರಾಜ್ ಬಹಳ ತಾಳ್ಮೆಯಿಂದ ವಿವರಿಸಿದರು. “ಸ್ಟೇಜ್ ಮೇಲೆ ಕೊಟ್ರೆ ಅದಕ್ಕೊಂದು ತೂಕ.”

“ನಮ್ಮ ಬಸ್ಸಿಗೂ ಸ್ಟೇಜ್ ಅವೆ ಸಾರ್. ಅಲ್ಲಿ ಜನ ಸುಮ್ನೆ ಇಳ್ಕಂಡು ಹೋಗ್ತಾರೆ, ಭಾಷಣ ಮಾಡಲ್ಲ.”

ಒಳಗಿನ ಕೋಣೆಯಿಂದ ಸಂಸ್ಥೆಯ ಅಧ್ಯಕ್ಷರಾದ ಪರಮೇಶ್ವರಪ್ಪನವರೇ ಹೊರಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ಮೇಲೆ ಮೂರೆಳೆ ವಿಭೂತಿ. ಯಾರನ್ನೂ ನೋಯಿಸದೆ ಎಲ್ಲರ ಕೆಲಸವನ್ನೂ ತಡ ಮಾಡಬಲ್ಲ ಸಾತ್ವಿಕ ಮನುಷ್ಯರು.

“ಏನವ್ವ, ಗಾಬರಿ ಆಗಬೇಡ. ನಿನ್ನ ಮಗಳು ನಮ್ಮ ಮಗಳಿದ್ದಂಗೆ. ಗುರುವಾರ ಬಾ, ಮುಂದಿನ ಸಾಲಿನಾಗೆ ಕುಂತ್ಕ. ತಾಯಿಗೂ ಒಂದು ಹಾರ ಹೇಳೀನಿ.”

“ಹಾರ ಬ್ಯಾಡ ಸಾರ್. ರಾತ್ರಿ ವಿಮಾನ ಐತೆ.”

“ವಿಮಾನ ರಾತ್ರಿಗಲ್ವಾ? ಕಾರ್ಯಕ್ರಮ ಬೆಳಿಗ್ಗೆ.”

ಬೀರುವನ್ನೊಮ್ಮೆ ನೋಡಿ ಸರ್ವಮಂಗಳ ಹೊರಬಂದಳು. ಪಡಸಾಲೆಯಲ್ಲಿ ಪ್ರವಾಸದ ಸಂಯೋಜಕ ಗಿರೀಶ್ ಸಿಕ್ಕರು. ಅಧ್ಯಕ್ಷರ ಅಳಿಯ. ಕಾಲೇಜಿನಲ್ಲಿ ಏನು ಪಾಠ ಮಾಡುತ್ತಾರೆಂದು ಯಾರಿಗೂ ತಿಳಿಯದು, ಆದರೆ ಫಿನ್‌ಲ್ಯಾಂಡಿಗೆ ಅವರು ಹೋಗಲೇಬೇಕೆಂದು ಎಲ್ಲರಿಗೂ ತಿಳಿದಿತ್ತು. ಅವರ ಪಾಸ್‌ಪೋರ್ಟ್ ಸೋಮವಾರವೇ ಅವರ ಜೇಬು ಸೇರಿತ್ತು. ಆಡಳಿತಾತ್ಮಕ ಕಾರಣವಂತೆ.

ಗುರುವಾರ ಸರ್ವಮಂಗಳ ಇನ್ನೊಬ್ಬರೊಂದಿಗೆ ಡ್ಯೂಟಿ ಬದಲಿಸಿಕೊಂಡು ಹತ್ತೂವರೆಗೆಲ್ಲ ಸಭಾಂಗಣದಲ್ಲಿದ್ದಳು. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ. ಪಕ್ಕದಲ್ಲಿ ಆರು ಮಕ್ಕಳು ಕಡುನೀಲಿ ಉಣ್ಣೆ ಕೋಟು ತೊಟ್ಟು ಸಾಲಾಗಿ ನಿಂತಿದ್ದರು. ಫಿನ್‌ಲ್ಯಾಂಡಿನ ಚಳಿ ಲೆಕ್ಕ ಹಾಕಿ ಹೊಲಿಸಿದ ಕೋಟು. ದುರ್ಗದ ಸೆಕೆಯಲ್ಲಿ ಮಕ್ಕಳು ಬೆಂದ ಗೆಣಸಿನಂತೆ ಹಬೆಯಾಡುತ್ತಿದ್ದರು. ಗುರುರಾಜ್ ಅವರಿಗೆ ತಾಲೀಮು ಮಾಡಿಸುತ್ತಿದ್ದರು. ಎಡಗಡೆಯಿಂದ ಹತ್ತಬೇಕು, ಬಲಗೈಯಲ್ಲಿ ತೆಗೆದುಕೊಳ್ಳಬೇಕು, ಕ್ಯಾಮೆರಾ ನೋಡಬೇಕು, ಬಗ್ಗಬೇಕು, ಇಳಿಯಬೇಕು. ಆರು ಸಲ ಆಯಿತು. ಸಹನಾ ಪ್ರತಿ ಸಲವೂ ಮೆಟ್ಟಿಲು ಇಳಿಯುವಾಗ ಬಲಗಾಲನ್ನು ಸ್ವಲ್ಪ ತಡೆದು ಇಡುತ್ತಿದ್ದಳು. ಅದು ತಾಯಿಗೆ ಮಾತ್ರ ಕಾಣುತ್ತಿತ್ತು.

ಹನ್ನೊಂದಾಯಿತು, ಹನ್ನೆರಡಾಯಿತು. ಮುಖ್ಯ ಅತಿಥಿ ಮಾಜಿ ಸದಸ್ಯ ದೊಡ್ಡತಿಮ್ಮಪ್ಪನವರು. ಯಾವುದರ ಸದಸ್ಯರಾಗಿದ್ದರೆಂಬುದು ಕಾಲಗರ್ಭದಲ್ಲಿ ಸೇರಿಹೋಗಿ ‘ಮಾಜಿ’ ಮಾತ್ರ ಉಳಿದಿತ್ತು. ಬೆಳಿಗ್ಗೆ ಹಿರಿಯೂರಿನಲ್ಲಿ ಒಂದು ಜಿಮ್ ಉದ್ಘಾಟನೆ ಮುಗಿಸಿ ಅವರು ಇಲ್ಲಿಗೆ ಬರಬೇಕಿತ್ತು. ಪ್ರತಿ ಅರ್ಧ ಗಂಟೆಗೊಮ್ಮೆ ಗುರುರಾಜ್ ಮೈಕಿನಲ್ಲಿ, ಮಾನ್ಯರು ಈಗಷ್ಟೇ ಹಿರಿಯೂರು ಬಿಟ್ಟಿದ್ದಾರೆ ಎಂದು ಹೇಳುತ್ತಿದ್ದರು. ಮೂರನೆಯ ಸಲ ಹಿರಿಯೂರು ಬಿಟ್ಟಾಗ ಸರ್ವಮಂಗಳ ಹಿರಿಯೂರು ಮಾರ್ಗದ ಕಂಡಕ್ಟರ್ ಬೃಂದಾಳಿಗೆ ಫೋನ್ ಮಾಡಿದಳು.

“ಇಲ್ಲೇ ಅವ್ರೆ ಅಕ್ಕ,” ಎಂದಳು ಬೃಂದಾ. “ಬಸ್ ಸ್ಟ್ಯಾಂಡ್ ಎದುರಿಗಿನ ಹೋಟ್ಲಾಗೆ ಊಟಕ್ಕೆ ಕುಂತವ್ರೆ. ಈಗ ಎರಡನೇ ಹೋಳಿಗೆ ಹಾಕ್ಸ್ಕಂಡ್ರು.”

ಎರಡೂವರೆಗೆ ಕಾರು ಬಂತು. ಆದರೆ ಮುಖ್ಯ ಅತಿಥಿಗಳು ಇಳಿಯಲಿಲ್ಲ. ಗುರುವಾರ ಮೂರು ಗಂಟೆಯವರೆಗೂ ರಾಹುಕಾಲ. ಮಕ್ಕಳ ಭವಿಷ್ಯದ ಪ್ರಶ್ನೆಯಾದ್ದರಿಂದ ಮಾನ್ಯರು ಕಾರಿನೊಳಗೇ ಎ.ಸಿ. ಹಾಕಿಕೊಂಡು ಅರ್ಧ ಗಂಟೆ ಕಣ್ಣುಮುಚ್ಚಿ ಕುಳಿತರು. ಪರಮೇಶ್ವರಪ್ಪನವರು ಹಾರ ಹಿಡಿದು ಕಾರಿನ ಬಾಗಿಲ ಬಳಿ ಬಿಸಿಲಿನಲ್ಲಿ ನಿಂತರು.

ಮೂರಕ್ಕೆ ದೀಪ ಬೆಳಗಿತು. ದೊಡ್ಡತಿಮ್ಮಪ್ಪನವರು ಮಾತಾಡಲು ಎದ್ದರು.

“ಕ್ರೀಡೆಗೆ ಯಾಕಪ್ಪ ವಿಜ್ಞಾನ?” ಎಂದೇ ಶುರು ಮಾಡಿದರು. “ನಾವು ಸಣ್ಣೋರಿದ್ದಾಗ ಮದಕರಿಪುರದಿಂದ ದುರ್ಗಕ್ಕೆ ಓಡ್ಕಂಡೇ ಬರ್ತಿದ್ವಿ. ಯಾವ ಮಿಷನ್ ಇತ್ತು? ಮುದ್ದೆ ತಿಂತಿದ್ವಿ, ಓಡ್ತಿದ್ವಿ. ಮೊಣಕಾಲು ಅನ್ನೋದು ಒಂದೈತೆ ಅಂತಾನೇ ನಮಗೆ ಗೊತ್ತಿರಲಿಲ್ಲ.”

ಚಪ್ಪಾಳೆ ಬಿತ್ತು. ಅವರಿಗೆ ಈಗಲೂ ಗೊತ್ತಿಲ್ಲ ಎಂದುಕೊಂಡಳು ಸರ್ವಮಂಗಳ. ಮಾತು ನಲವತ್ತು ನಿಮಿಷ ನಡೆಯಿತು. ಆಮೇಲೆ ಬೆಳ್ಳಿ ತಟ್ಟೆಯಲ್ಲಿ ಆರು ಲಕೋಟೆ ಬಂದವು, ಪ್ರತಿಯೊಂದಕ್ಕೂ ಕೆಂಪು ರಿಬ್ಬನ್. ಮಕ್ಕಳು ಎಡಗಡೆಯಿಂದ ಹತ್ತಿದರು, ತೆಗೆದುಕೊಂಡರು, ಬಗ್ಗಿದರು, ಇಳಿದರು. ತಾಲೀಮು ವ್ಯರ್ಥವಾಗಲಿಲ್ಲ. ಕೊನೆಯ ಲಕೋಟೆ ಕೊಟ್ಟ ಕೂಡಲೇ ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡು ಹೊರಟರು. ಐದಕ್ಕೆ ಹೊಸದುರ್ಗದಲ್ಲಿ ಇನ್ನೊಂದು ಕಾರ್ಯಕ್ರಮ. ಗುರುರಾಜ್ ಮೈಕನ್ನು ಯಾರದೋ ಕೈಗೆ ಕೊಟ್ಟು ಮಾನ್ಯರ ಕಾರಿನಲ್ಲೇ ಹಿಂದಿನ ಸೀಟಿಗೆ ಹತ್ತಿದರು. ಅಲ್ಲಿಯೂ ಅವರದೇ ನಿರೂಪಣೆ.

ಸಹನಾ ತಾಯಿಯ ಹತ್ತಿರ ಬಂದು ಕೋಟಿನ ಗುಂಡಿ ಬಿಚ್ಚುತ್ತ ಲಕೋಟೆ ಚಾಚಿದಳು. “ನೀನೇ ತೆಗಿಯಮ್ಮ. ನನ್ನ ಕೈ ಬೆವೆತೈತೆ.”

ಸರ್ವಮಂಗಳ ರಿಬ್ಬನ್ ಬಿಚ್ಚಿದಳು. ಒಳಗೆ ದಪ್ಪ ಕಾಗದದ ಅಭಿನಂದನಾ ಪತ್ರವೊಂದಿತ್ತು. ಅದರ ಮೇಲೆ ಪರಮೇಶ್ವರಪ್ಪನವರ ನಗುಮುಖವಿತ್ತು. ಬೇರೆ ಏನೂ ಇರಲಿಲ್ಲ.

ಅವಳು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಸುತ್ತಲಿನ ಐದು ಕುಟುಂಬದವರೂ ಅದನ್ನೇ ಮಾಡುತ್ತಿದ್ದರು.

“ಅಯ್ಯೋ, ಇದು ಗೊತ್ತಿರೋದೇ ಅಲ್ವಾ,” ಎಂದರು ಗಿರೀಶ್, ಸುತ್ತ ನೆರೆದ ಪೋಷಕರನ್ನು ನೋಡಿ. “ಸ್ಟೇಜ್ ಮೇಲೆ ಅಸಲಿ ಕೊಡೋ ಪದ್ಧತಿ ಎಲ್ಲೈತೆ? ಕಳೆದುಹೋದ್ರೆ? ಅಸಲಿ ಬೀರುನಾಗೆ ಐತೆ. ಕಾರ್ಯಕ್ರಮ ಆದಮೇಲೆ ಗುರುರಾಜ್ ಸಾರ್ ಹತ್ರ ಸಹಿ ಹಾಕಿ ಇಸ್ಕಳ್ಳೋದು.”

“ಗುರುರಾಜ್ ಸಾರ್ ಎಲ್ಲಿ?”

ಗಿರೀಶ್ ಸುತ್ತ ನೋಡಿದರು. ಆಗ ಅವರ ಮುಖದಲ್ಲಿ ಮೊದಲ ಬಾರಿಗೆ ಒಂದು ವಿಚಾರ ಮೂಡಿದಂತೆ ಕಂಡಿತು.

ಬೀರುವಿನ ಬೀಗದ ಕೈ ಗುರುರಾಜರ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಹೊಳಲ್ಕೆರೆ ರಸ್ತೆಯಲ್ಲಿತ್ತು. ಫೋನು ಸ್ವಿಚ್ಡ್ ಆಫ್. ವೇದಿಕೆಯ ಶಿಸ್ತಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು, ಕಾರು ಹತ್ತಿದಾಗಲೇ ಫೋನ್ ಆರಿಸಿಬಿಡುತ್ತಿದ್ದರು. ಮಾನ್ಯರಿಗೆ ಫೋನ್ ಮಾಡೋಣವೆಂದರೆ ಅವರ ಫೋನು ಅವರ ಸಹಾಯಕನ ಬಳಿ, ಸಹಾಯಕ ಹಿರಿಯೂರಿನಲ್ಲೇ ಉಳಿದಿದ್ದ.

“ಇನ್ನೊಂದು ಕೀ ಇರ್ಬೇಕಲ್ಲ ಸಾರ್,” ಎಂದಳು ಸರ್ವಮಂಗಳ.

“ಐತೆ,” ಎಂದರು ಪರಮೇಶ್ವರಪ್ಪನವರು, ಸ್ವಲ್ಪ ಹೆಮ್ಮೆಯಿಂದಲೇ. “ಕಳೆದು ಹೋಗಬಾರದು ಅಂತ ಬೀರುನೊಳಗೇ ಇಟ್ಟೀವಿ.”

“ಹಂಗಾದ್ರೆ ಬೀಗ ಒಡೀರಿ.”

ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಆ ಬೀರುವಿನ ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ದಾನಿಗಳ ಹೆಸರು ಬರೆಸಿತ್ತು. ಲಿಂಗೈಕ್ಯರಾದ ತಂದೆಯವರ ಸ್ಮರಣಾರ್ಥ ಮಕ್ಕಳು ಕೊಟ್ಟ ಬೀರು. ಆ ಮಕ್ಕಳು ಆಡಳಿತ ಮಂಡಳಿಯಲ್ಲಿದ್ದರು. ತಂದೆಯ ಹೆಸರಿನ ಮೇಲೆ ಹಾರೆ ಇಟ್ಟು ಮೀಟಿದರೆ ನಾಳೆ ಅವರ ಮುಖ ನೋಡುವುದು ಹೇಗೆ? “ಒಡೆಯಬಹುದು,” ಎಂದರು ಕೊನೆಗೆ. “ಮಂಡಳಿ ಸಭೆ ಕರೆದು ಒಂದು ನಿರ್ಣಯ ಮಾಡಬೇಕು. ಏಳು ದಿನ ಮೊದಲೇ ನೋಟಿಸ್ ಕೊಡಬೇಕು.”

ಸಹನಾ ಗೋಡೆಗೆ ಒರಗಿ ನಿಂತಿದ್ದಳು. ಅಳಲಿಲ್ಲ. ಮೊಣಕಾಲು ಕಳಚಿದ ದಿನವೂ ಅಳದ ಹುಡುಗಿ. “ಬಿಡಮ್ಮ,” ಎಂದಳು ಮೆಲ್ಲಗೆ. “ನನ್ನ ಕಾಲು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೈತೆ.”

ಅಷ್ಟು ಹೊತ್ತು ಸಿಟ್ಟಿನಲ್ಲಿದ್ದ ಸರ್ವಮಂಗಳ ಆ ಮಾತು ಕೇಳಿ ಗಡಿಯಾರ ನೋಡಿದಳು. ನಾಲ್ಕು ಗಂಟೆ ಹತ್ತು ನಿಮಿಷ. ಏರ್‌ಪೋರ್ಟಿಗೆ ಹೋಗುವ ಟೆಂಪೊ ಟ್ರಾವೆಲರ್ ಎಂಟರ ಒಳಗೆ ದುರ್ಗ ಬಿಟ್ಟರೆ ಹೇಗೋ ನಡೆಯುತ್ತದೆ. ಹೊಸದುರ್ಗಕ್ಕೆ ಹೋಗಿ ಬರಲು ಕಾರು ಎಂದರೆ ಮೂವರು ತಂದೆಯರು ತಮ್ಮ ತಮ್ಮ ಕಾರಿನ ತೊಂದರೆ ಹೇಳತೊಡಗಿದರು. ಅವರ ಮಾತು ಮುಗಿಯುವುದರೊಳಗೆ ಅವಳು ಫೋನ್ ತೆಗೆದಳು.

ಆ ಮಾರ್ಗದಲ್ಲಿ ಬಸ್ಸಿನ ಮೇಲೆ ಸಾಮಾನು ಕಳಿಸುವುದು ಅಜ್ಜನ ಕಾಲದಿಂದ ಬಂದ ವ್ಯವಸ್ಥೆ. ಯಾವ ಸುತ್ತೋಲೆಯಲ್ಲೂ ಇಲ್ಲ, ಆದರೆ ಎಲ್ಲ ಸುತ್ತೋಲೆಗಿಂತ ಚೆನ್ನಾಗಿ ನಡೆಯುತ್ತದೆ. ಮರೆತುಹೋದ ಕನ್ನಡಕ, ಮಾತ್ರೆ, ಅಂಕಪಟ್ಟಿ, ಬಾಣಂತಿಯ ಪಥ್ಯದ ಊಟ, ಒಮ್ಮೆ ರಾಮಗಿರಿಯ ಮದುಮಗನ ಪೇಟ. ಕಂಡಕ್ಟರ್ ಕೈಗೆ ಕೊಟ್ಟರೆ ಆಯಿತು, ಇಳಿಯುವ ಊರಿನಲ್ಲಿ ಯಾರೋ ಕೈ ಚಾಚುತ್ತಾರೆ. ಐದೂ ಇಪ್ಪತ್ತಕ್ಕೆ ಹೊಸದುರ್ಗದಿಂದ ದುರ್ಗಕ್ಕೆ ಹೊರಡುವ ಬಸ್ಸಿನ ಕಂಡಕ್ಟರ್ ಬಸವೇಶ, ಡ್ರೈವರ್ ಕಾಟಲಿಂಗಪ್ಪ. ಬಸವೇಶ ಅವಳ ಕೈಕೆಳಗೆ ಕೆಲಸ ಕಲಿತವನು.

“ಬಸವೇಶ, ಎಲ್ಲಿದೀಯಪ್ಪ?”

“ಹೊಸದುರ್ಗ ಸ್ಟ್ಯಾಂಡಿನಾಗೆ ಅಕ್ಕ, ಟೀ ಕುಡೀತಿದೀನಿ.”

“ಟೀ ಆಮೇಲೆ ಕುಡೀವಂತೆ.” ಎಲ್ಲ ಹೇಳಿದಳು. ಸಮಾರಂಭ ನಡೆಯುವ ಕಲ್ಯಾಣ ಮಂಟಪ ನಿಲ್ದಾಣದಿಂದ ಎರಡು ನಿಮಿಷದ ದಾರಿ. “ಗುರುರಾಜ್ ಅಂತ, ಮೈಕ್ ಹಿಡ್ಕಂಡೋರು. ಜೇಬಿನಾಗೆ ಬೀರು ಕೀ ಐತೆ. ಇಸ್ಕಂಡು ಬಾ, ಅಷ್ಟೇ.”

“ಅಷ್ಟೇನಾ ಅಕ್ಕ? ಐದು ನಿಮಿಷದ ಕೆಲಸ.”

ಐದು ಗಂಟೆ ಐದು ನಿಮಿಷಕ್ಕೆ ಬಸವೇಶ ಮತ್ತೆ ಫೋನ್ ಮಾಡಿ, ಮಂಟಪದೊಳಗೆ ಹೋಗುತ್ತಿದ್ದೇನೆ, ಲೈನಿನಲ್ಲೇ ಇರಿ ಎಂದು ಹೇಳಿ ಫೋನನ್ನು ಅಂಗಿಯ ಜೇಬಿಗಿಳಿಸಿದ. ಸರ್ವಮಂಗಳ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಕಿವಿಗೆ ಫೋನ್ ಒತ್ತಿಕೊಂಡಳು. ಮೊದಲು ಜನರ ಗದ್ದಲ ಕೇಳಿಸಿತು. ಆಮೇಲೆ ಗುರುರಾಜರ ದನಿ, ತುಂಬಿದ ಕೆರೆಯ ಕೋಡಿಯಂತೆ. ಹಿರಿಯ ಕ್ರೀಡಾಪಟುಗಳಿಗೆ ಸನ್ಮಾನ ನಡೆಯುತ್ತಿತ್ತು.

“ಏ ಸಾರ್, ಇಲ್ಲಿ ನೋಡ್ರಿ,” ಎಂದು ಬಸವೇಶ ಕೆಳಗಿನಿಂದ ಕರೆಯುವುದು ಕೇಳಿಸಿತು. ಯಾರೋ ಶ್ ಎಂದರು. ಮತ್ತೆ ಕರೆದ. ಮತ್ತೆ ಶ್. ಆಮೇಲೆ ಮರದ ಮೆಟ್ಟಿಲಿನ ದಡದಡ ಸದ್ದು. ಬಸವೇಶ ವೇದಿಕೆ ಹತ್ತಿದ್ದ.

ಅದೇ ತಪ್ಪಾಯಿತು. ಸನ್ಮಾನಕ್ಕೆ ಹೇಳಿದ್ದ ಹತ್ತು ಜನರಲ್ಲಿ ಒಬ್ಬರು ಬಂದಿರಲಿಲ್ಲ. ಒಂದು ಕುರ್ಚಿ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಉಳಿದುಹೋಗಿ ಸಂಘಟಕರು ಚಿಂತೆಯಲ್ಲಿದ್ದರು. ವೇದಿಕೆಯ ಮೇಲೆ ಖಾಲಿ ಕುರ್ಚಿ ಇದ್ದರೆ ಗುರುರಾಜರಿಗೆ ಗಂಟಲು ಕಟ್ಟುತ್ತಿತ್ತು. ಅಂಥ ಹೊತ್ತಿನಲ್ಲಿ ಖಾಕಿ ತೊಟ್ಟ ಕಟ್ಟುಮಸ್ತಾದ ಆಳೊಂದು ತಾನಾಗಿ ಹತ್ತಿ ಬಂದರೆ ನಿಪುಣನಾದ ನಿರೂಪಕ ಬಿಡುತ್ತಾನೆಯೇ?

“ಇದೀಗ ನಮ್ಮ ನಡುವೆ,” ಎಂದಿತು ಗುರುರಾಜರ ದನಿ, “ಸಾರಿಗೆ ಸೇವೆಯಲ್ಲಿದ್ದುಕೊಂಡೇ ಕಬಡ್ಡಿ ಕ್ಷೇತ್ರಕ್ಕೆ ಅನುಪಮ ಕೊಡುಗೆ ನೀಡಿದ ಹಿರಿಯರು ಆಗಮಿಸಿದ್ದಾರೆ.”

ಚಪ್ಪಾಳೆ. ಬಸವೇಶನಿಗೆ ಮೂವತ್ತಾರು ವರ್ಷ. ಕಬಡ್ಡಿ ಇರಲಿ, ಚೌಕಾಬಾರವನ್ನೂ ಸರಿಯಾಗಿ ಆಡಿದವನಲ್ಲ.

“ಅಲ್ಲ ಸಾರ್, ನಾನು…” ಎಂದ ಅವನ ದನಿ ಶಾಲಿನೊಳಗೆ ಮುಚ್ಚಿಹೋಯಿತು.

“ಕುಂತ್ಕಳ್ರಿ ಯಜಮಾನ್ರೆ, ಕುಂತ್ಕಳ್ರಿ,” ಎಂದು ಯಾರೋ ಒತ್ತಾಯಿಸಿದರು. ಕುರ್ಚಿ ಕಿರ್ರೆಂದಿತು. ದೂರದಲ್ಲಿ ಕಾಟಲಿಂಗಪ್ಪನ ಹಾರನ್ ಕೇಳಿಸುತ್ತಿತ್ತು, ಮೊದಲು ಸಣ್ಣಗೆ, ಆಮೇಲೆ ಬೈಗುಳದಂತೆ. ಐದೂ ಇಪ್ಪತ್ತು ದಾಟಿತು, ಐದೂವರೆ ಆಯಿತು. ಸರ್ವಮಂಗಳ ಫೋನಿಗೆ ಬಾಯಿ ಹಚ್ಚಿ “ಎದ್ದೇಳೋ, ಎದ್ದೇಳೋ ಮಾರಾಯ” ಎಂದು ಬೇಡಿಕೊಂಡಳು. ಜೇಬಿನಿಂದ ಅದು ಯಾರಿಗೆ ಕೇಳಬೇಕು? ದೊಡ್ಡತಿಮ್ಮಪ್ಪನವರು ಅಲ್ಲಿಯೂ ಮದಕರಿಪುರದಿಂದ ಓಡಿಕೊಂಡು ಬರುತ್ತಿದ್ದರು.

ಕೊನೆಗೆ ಗುರುರಾಜರ ದನಿ: “ಸನ್ಮಾನಿತರ ಪರವಾಗಿ ಈಗ ಎರಡು ಮಾತು.” ಮೈಕನ್ನು ಹತ್ತಿರ ಕೂತ ಹಿರಿಯರಿಗೇ ಕೊಟ್ಟರು. ಆ ಹಿರಿಯರು ಬಸವೇಶ.

ಮೈಕು ಒಮ್ಮೆ ಕುಂಯ್ ಎಂದಿತು. ಆಮೇಲೆ ಮೈಕಿನಲ್ಲಿ, ಇಡೀ ಮಂಟಪಕ್ಕೆ ಕೇಳುವಂತೆ, ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ಕೂಗುವ ಗಂಟಲಿನಲ್ಲಿ: “ಗುರುರಾಜ್ ಸಾರ್, ಬೀರು ಕೀ ಕೊಡ್ರಿ. ಮಕ್ಕಳು ವಿಮಾನ ಹತ್ತಬೇಕಂತೆ.”

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಇಡೀ ದಿನದಲ್ಲಿ ಇಷ್ಟು ಚಿಕ್ಕ ಭಾಷಣ ಅವರು ಕೇಳಿರಲಿಲ್ಲ.

ಬೀಗದ ಕೈ ಹೊತ್ತು ಬಸ್ಸು ಐದೂ ಐವತ್ತಕ್ಕೆ ಹೊಸದುರ್ಗ ಬಿಟ್ಟಿತು. ಸರ್ವಮಂಗಳ ನಗರದ ಬಸ್ ನಿಲ್ದಾಣಕ್ಕೆ ಹೋಗಿ ಕಾಯತೊಡಗಿದಳು. ಆರು ಗಂಟೆಗೆ ಮಗಳ ಫೋನ್ ಬಂತು.

“ಅಮ್ಮ, ನಾವು ಹೊರಟ್ವಿ.”

“ಎಲ್ಲಿಗೆ? ಪಾಸ್‌ಪೋರ್ಟೇ ಇಲ್ಲದಂಗೆ?”

“ಪೆಟ್ರೋಲ್ ಬಂಕಿಗೆ. ಆರಕ್ಕೆ ಬಾವುಟ ತೋರಿಸಿ ಕಳಿಸ್ತೀವಿ ಅಂತ ಪತ್ರಿಕೆಯವರಿಗೆ ಹೇಳಿದ್ರಂತೆ. ಅಧ್ಯಕ್ಷರು ತೋರಿಸಿದ್ರು. ನಾವೆಲ್ಲ ಕೈ ಬೀಸಿದ್ವಿ. ಈಗ ಬಂಕಿನಾಗೆ ನಿಂತಿದೀವಿ. ಪತ್ರಿಕೆಯವರು ಹೋದಮೇಲೆ ವಾಪಸ್ ಬರ್ರಿ ಅಂದವ್ರೆ.”

“ಗಿರೀಶ್ ಸಾರ್ ಏನಂತಾರೆ?”

“ಮುಂದಿನ ಸೀಟಿನಾಗೆ ನಿದ್ದೆ ಮಾಡ್ತವ್ರೆ.”

ಸರ್ವಮಂಗಳ ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿದಳು. ಮಗಳು ಫೋನ್ ಇಡಲಿಲ್ಲ. “ಅಮ್ಮ, ಬಸ್ ಎಲ್ಲೈತೆ ಈಗ?” ಎಂದು ಕೇಳಿದಳು. ಬಿಡಮ್ಮ ಎಂದ ಹುಡುಗಿಯೇ ಹಾಗೆ ಕೇಳಿದಾಗ ತಾಯಿಗೆ ಬೆಳಿಗ್ಗೆಯಿಂದ ಅಲೆದ ಕಾಲಿನ ನೋವು ಮರೆತುಹೋಯಿತು. “ಬರ್ತೈತೆ ಕಣೆ. ಕಾಟಲಿಂಗಪ್ಪ ಐದಾನೆ, ಬರ್ತೈತೆ.”

ಹೊಳಲ್ಕೆರೆಯಲ್ಲಿ ಸಂತೆಯ ಜನ ತುಂಬಿಕೊಂಡು ಹತ್ತು ನಿಮಿಷ ಹೋಯಿತು. ಮೂಟೆಯ ಜಾಗಕ್ಕೆ ಒಬ್ಬಳು ಅಜ್ಜಿ ಜಗಳ ತೆಗೆದು ಇನ್ನೈದು ನಿಮಿಷ ಹೋಯಿತು. ಬಸವೇಶ ಪ್ರತಿ ಊರಿನಿಂದಲೂ ವರದಿ ಕೊಡುತ್ತಿದ್ದ. ಏಳೂ ನಲವತ್ತಕ್ಕೆ ಬಸ್ಸು ನಿಲ್ದಾಣದೊಳಕ್ಕೆ ತಿರುಗಿತು. ನಿಲ್ಲುವ ಮೊದಲೇ ಬಸವೇಶ ಬಾಗಿಲಲ್ಲಿ ಜೋತು ಬಿದ್ದು ಬೀಗದ ಕೈಯನ್ನು ಅವಳ ಅಂಗೈಗೆ ಒತ್ತಿದ. ಹೆಗಲ ಮೇಲೆ ಇನ್ನೂ ಶಾಲು ಇತ್ತು.

“ಓಡಕ್ಕ. ನಾನು ಹಿರಿಯ ಆಟಗಾರ, ನನ್ನ ಕೈಲಿ ಆಗಲ್ಲ.”

ಆಟೊ ಕಾಲೇಜು ಮುಟ್ಟಿದಾಗ ಏಳೂ ಐವತ್ತೆರಡು. ಟೆಂಪೊ ಬಂಕಿನಿಂದ ವಾಪಸ್ ಬಂದು ಬಾಗಿಲಲ್ಲಿ ನಿಂತಿತ್ತು. ಸರ್ವಮಂಗಳ ಯಾರನ್ನೂ ಕೇಳದೆ ಕಚೇರಿಗೆ ನುಗ್ಗಿ ಬೀರುವಿನ ಬಾಗಿಲು ತೆಗೆದಳು. ಮೇಲಿನ ಅರೆಯಲ್ಲಿ ಎರಡನೆಯ ಬೀಗದ ಕೈ ಮೊಳೆಗೆ ನೇತುಬಿದ್ದು ಸುರಕ್ಷಿತವಾಗಿತ್ತು. ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ ಆರು ನೀಲಿ ಪುಸ್ತಕ. ಐದನ್ನು ಹೆಸರು ಓದಿ ಓದಿ ಚಾಚಿದ ಕೈಗಳಿಗೆ ಕೊಟ್ಟಳು. ಆರನೆಯದನ್ನು ತೆರೆದು ನೋಡಿದಳು. ಮಗಳ ನಗದ ಮುಖವಿದ್ದ ಒಂದು ಸಣ್ಣ ಪುಟ. ಇಷ್ಟಗಲ. ಟಿಕೆಟಿಗಿಂತ ಸ್ವಲ್ಪ ದೊಡ್ಡದು.

“ತಗ,” ಎಂದು ಕೊಟ್ಟಳು. ಸಹನಾ ಎಡಗೈಯಲ್ಲಿ ತೆಗೆದುಕೊಂಡಳು, ಯಾವ ಕ್ಯಾಮೆರಾವನ್ನೂ ನೋಡಲಿಲ್ಲ, ಬಗ್ಗಲಿಲ್ಲ. ತಾಯಿಯ ಬೆವೆತ ಕೈಯನ್ನು ಪುಸ್ತಕದ ಸಮೇತ ಒಂದು ಗಳಿಗೆ ಹಿಡಿದುಕೊಂಡಳು.

“ಒಂದು ನಿಮಿಷ ಮೇಡಂ,” ಎಂದ ಕಾಲೇಜಿನ ಫೋಟೊದವನು ಏದುಸಿರು ಬಿಡುತ್ತ ಬಾಗಿಲಿಗೆ ಬಂದು. “ಫೋಟೊ ಬರಲಿಲ್ಲ. ವಾಪಸ್ ಇಸ್ಕಂಡು ಇನ್ನೊಂದ್ಸಲ ಕೊಡ್ರಿ.”

ಅವನ ಹಿಂದೆಯೇ ಪರಮೇಶ್ವರಪ್ಪನವರು ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತ ಬಂದು, ಬೀರುವಿನ ಪಕ್ಕದಲ್ಲಿ, ದಾನಿಗಳ ಹೆಸರು ಕಾಣುವಂತೆ ನಿಂತರು. “ನನ್ನ ಕೈಗೆ ಕೊಡವ್ವ, ನಾನು ಕೊಡ್ತೀನಿ. ಅಸಲಿ ಕೊಟ್ಟಿದ್ದು ಒಂದು ದಾಖಲೆ ಬೇಕಲ್ಲ.”

ಇಡೀ ದಿನ ಬೇಡಿಕೊಂಡ ಹೆಂಗಸು ಈಗ ಬೇಡುವ ಸ್ಥಿತಿಯಲ್ಲಿರಲಿಲ್ಲ. “ಕೊಟ್ಟಾಯ್ತು ಸಾರ್,” ಎಂದಳು. “ಇನ್ನು ಅವಳ ಕೈಯಿಂದ ಅದನ್ನ ಇಸ್ಕಳ್ಳೋರು ಫಿನ್‌ಲ್ಯಾಂಡಿನೋರೇ.” ಬೀಗದ ಕೈಯನ್ನು ಅವರ ಚಾಚಿದ ಅಂಗೈಯಲ್ಲಿಟ್ಟಳು. ಫೋಟೊದವನು ಪಾಪ, ಅದನ್ನೇ ಕ್ಲಿಕ್ಕಿಸಿದ.

ಮಕ್ಕಳು ಓಡಿಹೋಗಿ ಗಾಡಿ ಹತ್ತಿದರು. ಅಧ್ಯಕ್ಷರು ಹಿಂದೆಯೇ ಬಂದು, ಹದಿನೆಂಟು ದಿನವಾದ ಮೇಲೆ ಸ್ವಾಗತ ಸಮಾರಂಭ ಇಟ್ಟುಕೊಳ್ಳೋಣ, ದೊಡ್ಡತಿಮ್ಮಪ್ಪನವರನ್ನೇ ಕೇಳೋಣ ಎಂದು ಗಿರೀಶರಿಗೆ ಕಿಟಕಿಯಲ್ಲಿ ಹೇಳತೊಡಗಿದರು. ಡ್ರೈವರ್ ಎಂಜಿನ್ ಹಚ್ಚಿಕೊಂಡು, ದೊಡ್ಡವರ ಮಾತು ಮುಗಿಯಲಿ ಎಂದು ಕಾಯುತ್ತಿದ್ದ. ಎಂಟಕ್ಕೆ ಎರಡು ನಿಮಿಷವಿತ್ತು. ಸರ್ವಮಂಗಳ ಗಾಡಿಯ ಹಿಂಬದಿಗೆ ಹೋಗಿ ಅಂಗೈಯಿಂದ ತಗಡಿಗೆ ಎರಡು ಸಲ ಬಡಿದಳು.

“ರೈಟ್,” ಎಂದಳು.

ಆ ದನಿ ಕೇಳಿದ ಮೇಲೆ ನಿಲ್ಲುವ ಡ್ರೈವರ್ ಈ ಜಿಲ್ಲೆಯಲ್ಲಿಲ್ಲ. ಗಾಡಿ ಮುಂದಕ್ಕೆ ಹಾರಿತು. ಅಧ್ಯಕ್ಷರ ಮಾತು ಅರ್ಧಕ್ಕೇ ಕಿಟಕಿಯಿಂದ ಕಳಚಿ ಬಿತ್ತು. ಕೊನೆಯ ಕಿಟಕಿಯಲ್ಲಿ ಸಹನಾ ಅರ್ಧ ಮೈ ಹೊರಗೆ ಹಾಕಿ, ಪಾಸ್‌ಪೋರ್ಟ್ ಹಿಡಿದ ಕೈಯನ್ನೇ ಎತ್ತಿ ಬೀಸುತ್ತಿದ್ದಳು. ಮಗಳಿಗೆ ಹೇಳಬೇಕೆಂದು ತಾಯಿ ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಮಾತುಗಳು ಎಷ್ಟೋ ಇದ್ದವು. ಉಂಡಿದ್ದೀಯಾ ಎಂದು ಕೂಡ ಕೇಳಿರಲಿಲ್ಲ.

“ಕೈ ಒಳಗಿಡು,” ಎಂದು ಕೂಗಿದಳು ಸರ್ವಮಂಗಳ. “ಕೈ ಒಳಗಿಡೇ ಸಹನಾ.”

ಗಾಡಿ ಮುಖ್ಯರಸ್ತೆಗೆ ತಿರುಗುವವರೆಗೂ ಆ ಕೈ ಒಳಗೆ ಹೋಗಲಿಲ್ಲ.